ಏಟ್ರಿಯಲ್ ಫ್ಲಟರ್ ಅಂದರೆ ಏನು? ಬರೀ ಮಾತ್ರೆ ಸಾಕಾ?

ತಂದೆಯವರ ನಾಡಿ ಸುಮ್ಮನೆ ಕೂತಾಗಲೂ 150ರ ಆಸುಪಾಸಿನಲ್ಲೇ ನಿಂತಿದೆ ಅಂದಿರಿ. ಫ್ಲಟರ್‌ನ ಲಕ್ಷಣವೇ ಅದು; ಫ್ಲಟರ್ ಅಂದರೆ ಹೃದಯ ಬಡಿತದ ಲಯ ಕೆಡುವ ತೊಂದರೆ. ಹೃದಯದ ಬಲ ಮೇಲ್ಕೋಣೆಯಲ್ಲಿ ವಿದ್ಯುತ್ ಸಂಕೇತ ಗಾಣದ ಎತ್ತಿನ ಹಾಗೆ ಕವಾಟದ ಸುತ್ತ ಸುತ್ತುತ್ತದೆ, ನಿಮಿಷಕ್ಕೆ ಸುಮಾರು 300 ಸಲ. ಸಾಮಾನ್ಯವಾಗಿ ಎರಡಕ್ಕೊಂದು ಮಾತ್ರ ಕೆಳಕೋಣೆಗೆ ಇಳಿಯುತ್ತದೆ, ಅದಕ್ಕೇ 150. ಇಸಿಜಿ ಕಾಗದದಲ್ಲಿ ಗರಗಸದ ಹಲ್ಲಿನಂಥ ಗೆರೆ ಕಾಣುತ್ತದೆ.

ನನಗೆ ಹೆಚ್ಚು ಭಯ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯುವುದರದ್ದು. ರಕ್ತ ತೆಳುವಾಗಿಸುವ ಮಾತ್ರೆ ಬರೆದಿದ್ದರೆ, ಆರಾಮಾಯಿತು ಅಂತ ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ವೇಗ ತಗ್ಗಿಸುವ ಮಾತ್ರೆಗೆ ಫ್ಲಟರ್ ಸುಲಭವಾಗಿ ಬಗ್ಗುವುದಿಲ್ಲ. ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಆ ಸುತ್ತುದಾರಿಯನ್ನು ಸುಟ್ಟು ಕಡಿಯುವ ಅಬ್ಲೇಷನ್, ಮಾಮೂಲಿ ಬಗೆಯ ಫ್ಲಟರ್‌ನಲ್ಲಿ 100ಕ್ಕೆ 90ಕ್ಕೂ ಹೆಚ್ಚು ಜನರಿಗೆ ಫಲಿಸುತ್ತದೆ. ಅದನ್ನು ವೈದ್ಯರ ಹತ್ತಿರ ಕೇಳಿಯೇ ಕೇಳಿ. ಎದೆನೋವು, ಪ್ರಜ್ಞೆ ತಪ್ಪುವುದು, ಮಾತು ತೊದಲುವುದು ಕಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.