ಕಷ್ಟ ಬಂದ್ರೆ ಅಲ್ಲಿ ಯಾರಿದಾರೆ ಅಂತ ಕೇಳಿದ ದುರ್ಗದ ತಮ್ಮನಿಗೆ

ತಮ್ಮಾ, ಅಮೆರಿಕದ ನ್ಯೂಜೆರ್ಸಿಗೆ ಕೆಲಸಕ್ಕೆ ಬರೋ ಮುಂಚೆ ಸಂಬಳ ಬಾಡಿಗೆ ವಿಷಯ ಎಲ್ಲ ಬಿಟ್ಟು "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಲ್ಲಿ ನಮಗೆ ಯಾರಿದಾರಣ್ಣ" ಅಂತ ಕೇಳಿದ್ಯಲ್ಲ, ಕೇಳ್ಬೇಕಾದ್ದನ್ನೇ ಕೇಳಿದೀಯ. 911ಕ್ಕೆ ಫೋನ್ ಮಾಡಿದ್ರೆ ಆಂಬುಲೆನ್ಸ್ ಬರುತ್ತೆ, ಅದಲ್ಲ ಕಷ್ಟ. ದುರ್ಗದಲ್ಲಿ ಬೆಳಗ್ಗೆ 9 ಅಂದ್ರೆ ಚಳಿಗಾಲದಲ್ಲಿ ಇಲ್ಲಿ ಹಿಂದಿನ ರಾತ್ರಿ ಹತ್ತೂವರೆ, ಮನೆಯಿಂದ ಫೋನ್ ಬಂತು ಅಂದ್ರೆ ಎದೆ ಧಸಕ್ ಅನ್ನುತ್ತೆ.

ದಾವಣಗೆರೆಯಲ್ಲಿ ನಮ್ಮಪ್ಪಾಜಿಗೆ ಸ್ಟೆಂಟ್ ಹಾಕಿಸಿದಾಗ ಮನೆಯೋರು ನನಗೆ ಹೇಳ್ಲೇ ಇಲ್ಲ, ದೂರ ಇದಾನೆ ಸುಮ್ನೆ ಗಾಬರಿ ಆಗ್ತಾನೆ ಅಂತ. ವಿಡಿಯೋ ಕಾಲಲ್ಲಿ ಅವರು ಶಾಲು ಸರಿ ಮಾಡ್ಕೊಳ್ಳೋವಾಗ ಮುಂಗೈ ಮೇಲೆ ಸೂಜಿ ಹಾಕಿ ಅಂಟಿಸಿದ ಬಿಳಿ ಪ್ಲಾಸ್ಟರ್ ಕಾಣ್ತು. ಆಮೇಲೆ ಎಷ್ಟೋ ದಿನ ಅಮ್ಮ "ಊಟ ಮಾಡಿದ್ರಪ್ಪ" ಅಂದ್ರೂ ನಿಜಾನಾ ಅಂತ ಚಿಕ್ಕಪ್ಪನಿಗೆ ಫೋನ್ ಹಚ್ಚಿ ಕೇಳ್ತಿದ್ದೆ. ಕಾಯಿಲೆಗಿಂತ ಮುಚ್ಚಿಟ್ಟಿದ್ದೇ ಜಾಸ್ತಿ ಸಂಕಟ ಕೊಡ್ತು. ಅದಕ್ಕೇ ಹೊರಡೋ ಮುಂಚೆ ಮನೇಲಿ ಕೂತು ಮಾತಾಡ್ಕೋ, ಏನೇ ಆದ್ರೂ ಅವತ್ತೇ ಹೇಳ್ಬೇಕು, ಹೇಳೋರು ಯಾರು ಅಂತ ಒಬ್ಬರನ್ನ ಗೊತ್ತು ಮಾಡು, ಪ್ರೀತಿಗೇ ಮುಚ್ಚಿಡ್ತಾರೆ ನಿಜ, ಆದ್ರೂ ಬೇಡ.

ಹೆಂಡತಿ ಜೊತೆಗೆ ಬರ್ತಾಳೆ ಅಂದಿದೀಯ, ಒಳ್ಳೇದು, ಆದ್ರೆ ಜೊತೆಗಿದ್ರೆ ಸಾಕು ಅನ್ಕೋಬೇಡ. 2006ರಲ್ಲಿ ಜೇಮ್ಸ್ ಕೋನ್ ಅನ್ನೋ ಮನಶ್ಶಾಸ್ತ್ರಜ್ಞರು 16 ಜನ ಮದುವೆಯಾದ ಹೆಂಗಸರನ್ನ ಎಂಆರ್‌ಐ ಮಷೀನಲ್ಲಿ ಮಲಗಿಸಿ, ಈಗ ಶಾಕ್ ಹೊಡೀಬಹುದು ಅಂತ ತೋರಿಸಿ ಮೆದುಳು ಹೆಂಗೆ ಹೆದರುತ್ತೆ ಅಂತ ನೋಡಿದ್ರು. ಗುರುತಿಲ್ಲದೋರ ಕೈ ಹಿಡಿದಾಗಕ್ಕಿಂತ ಗಂಡನ ಕೈ ಹಿಡಿದಾಗ ಹೆದರಿಕೆ ಕಮ್ಮಿ, ಅದರಲ್ಲೂ ಸಂಸಾರ ಚೆನ್ನಾಗಿದ್ದೋರಿಗೆ ಇನ್ನೂ ಕಮ್ಮಿ. ನಿನ್ನ ಕೆಲಸದ ವೀಸಾ ಜೊತೆ ಹೆಂಡತಿಗೆ ಸಿಗೋ ಎಚ್-4 ವೀಸಾದಲ್ಲಿ ಶುರುವಿಗೆ ಅವಳು ಕೆಲಸ ಮಾಡೋಹಾಗಿಲ್ಲ, ಇಡೀ ದಿನ ನಾಕು ಗೋಡೆ ಮಧ್ಯ ಒಬ್ಳೇ, ಸಂಜೆ ನೀನು ಬಂದು ಲ್ಯಾಪ್‌ಟಾಪ್ ತೆಗೆದ್ರೆ ಅವಳು ಯಾರ ಹತ್ರ ಹೇಳ್ಕೋಬೇಕು? ನಿನ್ನ ಕೆಲಸ ಹೋದ್ರೆ ವೀಸಾ ನಿಯಮದ ಪ್ರಕಾರ ಬೇರೆ ಕಂಪನಿ ಹುಡುಕೋಕೆ ಹೆಚ್ಚಂದ್ರೆ 60 ದಿನ, ಆ ಟೈಮಲ್ಲಿ ಇಬ್ರೂ ಒಂದೇ ಕಡೆ ನಿಂತಿರ್ಬೇಕು.

ಇನ್ನೊಂದು, ಅಪ್ಪ ಅಮ್ಮನಿಗೆ ಸೀರಿಯಸ್ ಆದ್ರೆ ಎಫ್‌ಎಂಎಲ್‌ಎ ಅಂತ ಇಲ್ಲಿನ ಕಾನೂನಲ್ಲಿ ಮನೆಯೋರ ಕಾಯಿಲೆಗೆ 12 ವಾರದ ರಜೆ ಐತಿ, ಸಂಬಳ ಇಲ್ಲ, ಕೆಲಸಕ್ಕೆ ಸೇರಿ ವರ್ಷ ಆಗಿರ್ಬೇಕು. ಮೊದಲ ವರ್ಷಕ್ಕೆ ರಜೆ ಏನು ಸಿಗುತ್ತೆ ಅಂತ ಆಫರ್ ಲೆಟರ್‌ಗೆ ಸೈನ್ ಹಾಕೋ ಮುಂಚೆನೇ ಎಚ್‌ಆರ್‌ನ ಕೇಳು. ಬಂದಿಳಿದ ವಾರಾನೇ ಇಬ್ರೂ ನಮ್ಮನೆಗೆ ಊಟಕ್ಕೆ ಬನ್ನಿ, ನ್ಯೂಜೆರ್ಸಿಯ ಎಡಿಸನ್ ಊರಲ್ಲೇ ಇದೀವಿ.