ಸಂಪಾದಕರ ಉತ್ತರ: ಬಸ್ಸಿಗೆ ಕಾಯೋದು, ಗದ್ದೆ ಕಾಯೋದು

ಕೊಡಗಿನ ನಾಪೋಕ್ಲು ಕಡೆ ಹೋಂಸ್ಟೇ ನಡೆಸೋ ಓದುಗರೊಬ್ರು ಬರೆದಿದಾರೆ: "ಗೆಸ್ಟುಗಳಿಗೆ ದಿನಾ ಇಂಗ್ಲಿಷಲ್ಲಿ ಮೆಸೇಜ್ ಹಾಕ್ಬೇಕಾಗುತ್ತೆ. 'ವಿ ಕ್ಯಾನ್ ಡಿಸ್ಕಸ್ ಅಬೌಟ್ ದ ರೇಟ್', 'ಐ ಆಮ್ ವೇಟಿಂಗ್ ಯು', 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಅಂತ ಬರೆದ್ರೆ ಮೈಸೂರಲ್ಲಿ ಓದ್ತಿರೋ ಮಗಳು ಮೂರೂ ತಪ್ಪು ಅಂತಾಳೆ. ಯಾಕೆ ಅಂದ್ರೆ 'ಅದು ಹಾಗೇ ಅಪ್ಪಾ' ಅಂತಾಳೆ. ಇದಕ್ಕೊಂದು ರೂಲ್ ಇದ್ರೆ ಹೇಳಿ. ಇನ್ನೊಂದು, ಅಮೆರಿಕದ ಗೆಸ್ಟ್ ಒಬ್ರು 'ಡಿಫರೆಂಟ್ ದ್ಯಾನ್' ಅಂದ್ರು, ಮಗಳು ಅದೂ ತಪ್ಪು ಅಂತಾಳೆ. ಯಾರು ಸರಿ?"

ಸರ್, ನಿಮ್ಮ ಮೂರು ವಾಕ್ಯದ ಮಟ್ಟಿಗೆ ಮಗಳು ಹೇಳಿದ್ದೇ ಸರಿ. ಆದ್ರೆ 'ಹಾಗೇ' ಅಂದ್ಬಿಟ್ರೆ ಯಾರಿಗೂ ಕಲಿಯೋಕಾಗಲ್ಲ, ಯಾಕಂದ್ರೆ ಈ ತಪ್ಪುಗಳು ಸುಮ್ಮನೆ ಆಗೋದಲ್ಲ, ನಮ್ಮ ಕನ್ನಡದಿಂದ ನೇರವಾಗಿ ಎದ್ದು ಬರ್ತವೆ, ಅದು ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಮೊದ್ಲು ನಮ್ಮ ಭಾಷೆಯನ್ನೇ ನೋಡಿ. ನೀವು ಮಡಿಕೇರಿಗೆ ಹೋಗೋಕೆ ರಸ್ತೆ ಬದಿ ನಿಂತ್ರೆ 'ಬಸ್ಸಿಗೆ ಕಾಯ್ತಿದೀನಿ' ಅಂತೀರಿ. ಭತ್ತ ಹಾಲುಗಟ್ಟೋ ಹೊತ್ತಿಗೆ ರಾತ್ರಿಯೆಲ್ಲಾ ಅಟ್ಟಣಿಗೆ ಮೇಲೆ ಟಾರ್ಚ್, ಪಟಾಕಿ ಇಟ್ಕೊಂಡು ಆನೆ ಬರದ ಹಾಗೆ ಕೂತ್ರೆ 'ಗದ್ದೆ ಕಾಯ್ತಿದೀನಿ' ಅಂತೀರಿ. ಕ್ರಿಯಾಪದ ಒಂದೇ, ಕಾಯು. 'ಗೆ' ಬಂದ್ರೆ ಒಂದು ಅರ್ಥ, ಬರದಿದ್ರೆ ಸಾಮಾನ್ಯವಾಗಿ ಇನ್ನೊಂದು. ಯಾರಾದ್ರೂ 'ಗದ್ದೆಗೆ ಕಾಯ್ತಿದೀನಿ' ಅಂದ್ರೆ ನಿಮ್ಮ ಕಿವಿಗೆ ತಕ್ಷಣ ಏನೋ ತಪ್ಪಿದೆ ಅನ್ಸುತ್ತೆ, ಗದ್ದೆ ಎಲ್ಲಿಂದಲೋ ನಡ್ಕೊಂಡು ಬರ್ಬೇಕಾ ಅಂತ. ಇದನ್ನ ನಿಮಗೆ ಯಾರೂ ರೂಲ್ ಬರೆದು ಕಲಿಸ್ಲಿಲ್ಲ. ಇಂಗ್ಲಿಷ್ ಮಾತಾಡೋ ಮನೆಯ ಮಗೂಗೆ 'ಲುಕ್ ಅಟ್' ಅಂದ್ರೆ ನೋಡೋದು, 'ಲುಕ್ ಫಾರ್' ಅಂದ್ರೆ ಹುಡುಕೋದು, 'ಲುಕ್ ಆಫ್ಟರ್' ಅಂದ್ರೆ ನೋಡ್ಕೊಳ್ಳೋದು ಅಂತ ತಿಳಿಯೋದೂ ಹೀಗೇ.

ಹೈಸ್ಕೂಲಲ್ಲಿ ವಿಭಕ್ತಿ ಪಲ್ಲಟ, ಅಂದ್ರೆ ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರೋದು, ಅಂತ ಪಾಠ ಇತ್ತಲ್ಲ, 'ಹುಲಿಯ ದೆಸೆಯಿಂದ ಹೆದರಿದನು' ಅನ್ನೋ ಕಡೆ 'ಹುಲಿಗೆ ಹೆದರಿದನು', 'ಬೆಟ್ಟವನ್ನು ಹತ್ತಿದನು' ಅನ್ನೋ ಕಡೆ 'ಬೆಟ್ಟಕ್ಕೆ ಹತ್ತಿದನು'. 13ನೇ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡದ ವಿಭಕ್ತಿಗಳನ್ನ ಕೂತು ವಿಂಗಡಿಸಿದಾನೆ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ನಮ್ಮ ಜಿಲ್ಲೆಯ ಸಂತೆಯಲ್ಲಿ ಕೇಳೋ ಈ ಎಲ್ಲಾ ಮಾತಲ್ಲೂ ಈ ವಿಭಕ್ತಿಯ ಗುರುತು ಹೆಸರಿನ ಬಾಲಕ್ಕೆ ಅಂಟುತ್ತೆ. ಇಂಗ್ಲಿಷಲ್ಲಿ ಅದು ಪ್ರಿಪೊಸಿಷನ್ ಅನ್ನೋ ಬೇರೆ ಪದ ಆಗಿ ಹೆಸರಿಗಿಂತ ಮೊದ್ಲು ನಿಲ್ಲುತ್ತೆ, ಅಷ್ಟೇ ವ್ಯತ್ಯಾಸ. ಯಾವ್ದು ಬರ್ಬೇಕು ಅಂತ ಹೇಳೋದು ಮಾತ್ರ ಎರಡು ಕಡೆನೂ ಹೆಚ್ಚಾಗಿ ಕ್ರಿಯಾಪದವೇ.

ತೊಂದರೆ ಆಗೋದು ನಮ್ಮ ಪ್ರತ್ಯಯವನ್ನ ಹಾಗೇ ಇಂಗ್ಲಿಷಿಗೆ ದಾಟಿಸಿದಾಗ. 'ಮೇಲೆ' ತಗೊಳ್ಳಿ. ಕಾಫಿ ಫಸಲು ಹೂಮಳೆ ಮೇಲೆ ನಿಂತಿದೆ, 'ಡಿಪೆಂಡ್ಸ್ ಆನ್', ಸರಿಯಾಗಿ ಕೂತ್ಕೊಳ್ಳುತ್ತೆ. ಅದೇ ಧೈರ್ಯದಲ್ಲಿ ಅವನ ಮೇಲೆ ಕೋಪ ಅಂತ 'ಆಂಗ್ರಿ ಆನ್ ಹಿಮ್' ಅಂದ್ರೆ ತಪ್ಪು, ಅಲ್ಲಿ 'ಆಂಗ್ರಿ ವಿತ್' ಅಥವಾ 'ಅಟ್'. ಆನೆ ಮೇಲೆ ಕಂಪ್ಲೇಂಟ್ ಅಂತ 'ಕಂಪ್ಲೇಂಟ್ ಆನ್ ಎಲಿಫೆಂಟ್ಸ್' ಬರೆಯೋ ಅರ್ಜಿಗಳು ನಮ್ಮ ಆಫೀಸಿಗೂ ಕಾಪಿ ಬರ್ತವೆ, ಅದು 'ಅಬೌಟ್' ಆಗ್ಬೇಕು, ಯಾರಿಗೆ ದೂರು ಕೊಡ್ತೀರೋ ಅವರ ಮುಂದೆ 'ಟು'. ಅವಳ ಜೊತೆ ಮದುವೆ ಅಂತ 'ಮ್ಯಾರೀಡ್ ವಿತ್', ಇಲ್ಲ, 'ಮ್ಯಾರೀಡ್ ಟು'. 'ಮ್ಯಾರೀಡ್ ವಿತ್ ಟೂ ಚಿಲ್ಡ್ರನ್' ಅಂತ ಕೇಳಿದ್ರೆ ಅದರರ್ಥ ಮದುವೆಯಾಗಿದೆ, ಇಬ್ಬರು ಮಕ್ಕಳಿದಾರೆ ಅಂತ. ಹಾಕಿಯಲ್ಲಿ ಜೋರು ಅಂತ 'ಗುಡ್ ಇನ್ ಹಾಕಿ', ಇದನ್ನಂತೂ 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡ್ಕೊಂಡು ಬೆಳೆದ ಮಕ್ಕಳು ತಮ್ಮ ಬಯೋಡೇಟಾದಲ್ಲಿ ಬರ್ದೇ ಬರೀತಾರೆ, ದಯವಿಟ್ಟು 'ಗುಡ್ ಅಟ್ ಹಾಕಿ' ಅಂತ ತಿದ್ದಿಕೊಳ್ಳಿ.

ಒಂದೊಂದ್ಸಲ ಇಂಗ್ಲಿಷ್ ನಮಗಿಂತ ಸೂಕ್ಷ್ಮ. ಟೂರಿಸ್ಟ್ ಒಬ್ಬ ಮಂಗನಿಗೆ ಬಾಳೆಹಣ್ಣು ಎಸೆದ, ತೋಟದವನು ಮಂಗನಿಗೆ ಕಲ್ಲು ಎಸೆದ. ನಮಗೆ ಎರಡೂ 'ಗೆ'. ಅಲ್ಲಿ ಹಣ್ಣು 'ಥ್ರೋ ಟು', ಹಿಡ್ಕೊಳ್ಳಲಿ ಅಂತ. ಕಲ್ಲು 'ಥ್ರೋ ಅಟ್', ತಾಗಲಿ ಅಂತ. 'ಶೌಟ್ ಟು' ದೂರದಲ್ಲಿರೋರಿಗೆ ಕೂಗಿ ಹೇಳೋದು, 'ಶೌಟ್ ಅಟ್' ಬೈಯೋದು. ಗೆಸ್ಟಿಗೆ ಬರೆಯೋವಾಗ ಇದು ತಪ್ಪಿದ್ರೆ ಅರ್ಥನೇ ಕೆಡುತ್ತೆ, ನೋಡ್ಕೊಳ್ಳಿ.

ಈಗ ನಿಮ್ಮ 'ಡಿಸ್ಕಸ್ ಅಬೌಟ್'. ಇದು ನಮ್ಮ 'ಬಗ್ಗೆ'ಯಿಂದ ಬಂದಿದ್ದು, ಜೊತೆಗೆ ಇನ್ನೊಂದು ಕಾರಣನೂ ಇದೆ. 'ಡಿಸ್ಕಷನ್ ಅಬೌಟ್ ದ ರೇಟ್' ಸರಿಯಾದ ಇಂಗ್ಲಿಷೇ. ಇಂಥ ಕೆಲವು ಪದಗಳಲ್ಲಿ ನಾಮಪದಕ್ಕೆ ಪ್ರಿಪೊಸಿಷನ್ ಬೇಕು, ಅದೇ ಪದ ಕ್ರಿಯೆ ಆದಾಗ ಬೇಡ. 'ವಿಸಿಟ್ ಟು ತಲಕಾವೇರಿ', ಆದ್ರೆ 'ವಿ ವಿಸಿಟೆಡ್ ತಲಕಾವೇರಿ'. 'ರಿಕ್ವೆಸ್ಟ್ ಫಾರ್ ಲೀವ್', ಆದ್ರೆ 'ಐ ರಿಕ್ವೆಸ್ಟ್ ಲೀವ್'. 'ಎಂಫಸಿಸ್ ಆನ್' ಹೌದು, 'ಎಂಫಸೈಜ್ ಆನ್' ಇಲ್ಲ. ನನ್ನ ಅನುಭವದಲ್ಲಿ ನಮ್ಮವರು ಮಾಡೋ ತಪ್ಪಲ್ಲಿ ದೊಡ್ಡ ಪಾಲು ಈ ಒಂದೇ ಜಾಗದ್ದು.

ಇದು ನನಗೆ ಯಾಕೆ ಇಷ್ಟು ಮುಖ್ಯ ಅಂದ್ರೆ, ನಾನು ಮೊದಲ ಕೆಲಸಕ್ಕೆ ಸೇರಿದಾಗ ಒಂದು ಪತ್ರದಲ್ಲಿ 'ಅವೇಟಿಂಗ್ ಫಾರ್ ಯುವರ್ ರಿಪ್ಲೈ' ಅಂತ ಬರೆದಿದ್ದೆ. ಮೇಲಿನವರು ಕೆಂಪು ಇಂಕಲ್ಲಿ 'ಫಾರ್' ಸುತ್ತ ಒಂದು ಗುಂಡಗೆ ಗೆರೆ ಎಳೆದು ವಾಪಸ್ ಕಳ್ಸಿದ್ರು, ಯಾಕೆ ಅಂತ ಒಂದು ಮಾತು ಹೇಳ್ಲಿಲ್ಲ, ಕೇಳೋಕೆ ನನಗೂ ಧೈರ್ಯ ಬರ್ಲಿಲ್ಲ, ಆಮೇಲೆ ಎಷ್ಟೋ ದಿನ ಆ ಪದವನ್ನೇ ಬಿಟ್ಟು ಬರೀತಿದ್ದೆ. 'ಅವೇಟ್' ಒಳಗೇ 'ಫಾರ್' ಸೇರ್ಕೊಂಡಿದೆ, 'ವೇಟ್'ಗೆ ಮಾತ್ರ ಹೊರಗಿಂದ ಹಾಕ್ಬೇಕು ಅಂತ ಒಂದು ವಾಕ್ಯ ಹೇಳಿದ್ರೆ ಸಾಕಿತ್ತು. ನಿಮ್ಮ 'ವೇಟಿಂಗ್ ಯು' ಕೂಡ ಇಲ್ಲೇ ಇರೋದು, ನಾವು ಬಾಯಲ್ಲಿ 'ನಿಮ್ಮನ್ನೇ ಕಾಯ್ತಿದೀನಿ' ಅಂತೀವಲ್ಲ, ಅದರ ನೆರಳು. 'ವೇಟಿಂಗ್ ಫಾರ್ ಯು' ಬರೀರಿ.

ಮೂರನೇದು. 'ಲುಕಿಂಗ್ ಫಾರ್ವರ್ಡ್ ಟು'ನಲ್ಲಿರೋ 'ಟು' ಪ್ರಿಪೊಸಿಷನ್, 'ಟು ಗೋ', 'ಟು ಈಟ್'ನಲ್ಲಿರೋ 'ಟು' ಅಲ್ಲ. ಪರೀಕ್ಷೆ ಸುಲಭ: ಅದಾದ ಮೇಲೆ ಒಂದು ನಾಮಪದ ಇಟ್ಟು ನೋಡಿ. 'ಲುಕಿಂಗ್ ಫಾರ್ವರ್ಡ್ ಟು ಯುವರ್ ವಿಸಿಟ್', ಕೂತ್ಕೊಳ್ತು ಅಲ್ವಾ, ಹಾಗಾದ್ರೆ ಅಲ್ಲಿ ಕ್ರಿಯಾಪದ ಬಂದ್ರೆ ಅದಕ್ಕೆ 'ಇಂಗ್' ಸೇರ್ಲೇಬೇಕು, 'ಟು ಮೀಟಿಂಗ್ ಯು'. 'ಇಂಟರೆಸ್ಟೆಡ್ ಇನ್ ಟ್ರೆಕಿಂಗ್', 'ಇನ್ಸಿಸ್ಟ್ ಆನ್ ಪೇಯಿಂಗ್' ಎಲ್ಲಾ ಇದೇ ಲೆಕ್ಕ.

'ಸೀನಿಯರ್', 'ಜೂನಿಯರ್', 'ಸುಪೀರಿಯರ್' ಲ್ಯಾಟಿನ್ ಮೂಲದವು, ಅವಕ್ಕೆ 'ದ್ಯಾನ್' ಅಲ್ಲ, 'ಟು'. 'ಮಡಿಕೇರಿಗೆ ತಲುಪಿದ್ವಿ' ಅಂತ 'ರೀಚ್ಡ್ ಟು ಮಡಿಕೇರಿ' ಬೇಡ, ಬರೀ 'ರೀಚ್ಡ್ ಮಡಿಕೇರಿ' ಸಾಕು. 'ಅರೈವ್' ಆದ್ರೆ ಊರಿಗೆ 'ಇನ್', ಬಸ್‌ಸ್ಟ್ಯಾಂಡಿಗೆ 'ಅಟ್'.

ಹಾಗಾದ್ರೆ ಒಂದೇ ರೂಲ್ ಇದೆಯಾ? ಇಲ್ಲ ಸರ್, ಇದೆ ಅಂತ ಹೇಳಿ ನಿಮಗೆ ಮೋಸ ಮಾಡಲ್ಲ. ಪದ ಕಲಿಯೋವಾಗ ಬಾಲ ಸೇರಿಸೇ ಕಲೀರಿ, 'ಅಫ್ರೇಡ್' ಅಲ್ಲ, 'ಅಫ್ರೇಡ್ ಆಫ್'. ಜಪಾನಲ್ಲಿ ಇಂಗ್ಲಿಷ್ ಕಲಿಸ್ತಿದ್ದ ಎ.ಎಸ್. ಹಾರ್ನ್‌ಬಿ ಕಲಿಯೋರಿಗೆ ಅಂತಲೇ 1942ರಲ್ಲಿ ಟೋಕಿಯೋದಲ್ಲಿ ಒಂದು ಡಿಕ್ಷನರಿ ತಂದ್ರು, ಯಾವ ಕ್ರಿಯಾಪದ ಆದ್ಮೇಲೆ ಏನು ಬರುತ್ತೆ ಅಂತ ತೋರಿಸೋ ಥರದ್ದು, ಇವತ್ತಿನ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ಅದರಿಂದಲೇ ಬೆಳೆದಿದ್ದು. ಬರೀ ಕನ್ನಡ ಅರ್ಥ ಕೊಡೋ ಚಿಕ್ಕ ನಿಘಂಟಲ್ಲಿ ಇದು ಸಿಗಲ್ಲ, ಅದಕ್ಕೇ ಲರ್ನರ್ಸ್ ಡಿಕ್ಷನರಿ ಒಂದು ಇಟ್ಕೊಳ್ಳಿ. ಮತ್ತೆ ದಿನಕ್ಕೆ ಒಂದೇ ಪದ, ನಿಮ್ಮ ಗೆಸ್ಟಿಗೆ ನಿಜವಾಗಿ ಕಳ್ಸೋ ವಾಕ್ಯದಲ್ಲೇ ಹಾಕಿ ಬರೀರಿ, ಬೇರೆಯವರ ಉದಾಹರಣೆ ಉರು ಹೊಡೀಬೇಡಿ.

ಕೊನೇದು, ಆ ಅಮೆರಿಕದ ಗೆಸ್ಟ್ ಹೇಳಿದ್ದು ತಪ್ಪಲ್ಲ. ಅಮೆರಿಕದಲ್ಲಿ 'ಡಿಫರೆಂಟ್ ದ್ಯಾನ್' ಬಳಕೆಯಲ್ಲಿದೆ, ಬ್ರಿಟನ್‌ನಲ್ಲಿ 'ಡಿಫರೆಂಟ್ ಟು' ಅಂತಲೂ ಅಂತಾರೆ. ನೀವು 'ಡಿಫರೆಂಟ್ ಫ್ರಮ್' ಬರೀರಿ, ಅದನ್ನ ಎರಡೂ ಕಡೆಯವರು ಒಪ್ತಾರೆ, ಮಗಳೂ ಒಪ್ತಾಳೆ.