ಮಗಳ ಹೊಟ್ಟೆನೋವು ನಾಟಕ ಅಲ್ಲ

ಹಾಸನದಿಂದ ಒಬ್ಬ ತಾಯಿ ಬರೆದ ಪತ್ರದ ಸಾರ: "ಮಗಳಿಗೆ ಎಂಟು ವರ್ಷ. ನಾಲ್ಕು ತಿಂಗಳಿಂದ ವಾರಕ್ಕೆ ಎರಡು ಮೂರು ಸಲ, ಬೆಳಿಗ್ಗೆ ಯೂನಿಫಾರ್ಮ್ ಹಾಕುವ ಹೊತ್ತಿಗೆ ಹೊಕ್ಕುಳ ಸುತ್ತ ನೋವು ಅಂತಾಳೆ. ಡಾಕ್ಟರು ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ ಏನೂ ಇಲ್ಲ ಎಂದರು. ನಮ್ಮ ಯಜಮಾನರು 'ಎಲ್ಲ ನಾಟಕ, ಸ್ಕೂಲಿಗೆ ಚಕ್ಕರ್ ಹೊಡೆಯೋಕೆ' ಅಂತಾರೆ. ಅತ್ತೆ ದೃಷ್ಟಿ ತೆಗೀತಾರೆ. ನಾನು ಪಕ್ಕದಲ್ಲೇ ಕೂತು ಹೊಟ್ಟೆ ನೀವುತ್ತೇನೆ, ಮತ್ತೆ ಮತ್ತೆ ಕೇಳುತ್ತೇನೆ. ಮುದ್ದು ಮಾಡಿ ನಾನೇ ಕೆಡಿಸ್ತಿದೀನಾ? ಚಿಕ್ಕವನಿಗೆ ಐದು ತುಂಬಿತು, ಮುಂದಿನ ವಾರ ಇಂಜೆಕ್ಷನ್ ಇದೆ. ಅವನಿಗೆ ಮೊದಲೇ ಹೇಳಬೇಕಾ, ಬೇಡವಾ? ಹೆಸರು ಹಾಕಬೇಡಿ."

ನಮಸ್ಕಾರ. ನಿಮ್ಮ ಯಜಮಾನರ ಮಾತಿನಿಂದಲೇ ಶುರು ಮಾಡುತ್ತೇನೆ. ನಾಟಕ ಅಲ್ಲ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ ಅಂದರೆ ಗಡ್ಡೆ ಇಲ್ಲ, ಊತ ಇಲ್ಲ, ಕಲ್ಲು ಇಲ್ಲ ಎಂದರ್ಥ. ನೋವು ಇಲ್ಲ ಎಂದಲ್ಲ. ನೋವನ್ನು ತೋರಿಸುವ ಯಂತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ. ನೋವಿನ ಬಗ್ಗೆ ಅಧ್ಯಯನ ಮಾಡುವ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ ಒಂದು ಮಾತನ್ನು ಸ್ಪಷ್ಟವಾಗಿ ಸೇರಿಸಿತು: ಒಬ್ಬರು ನೋವು ಅಂತ ಹೇಳಿದರೆ ಆ ಮಾತಿಗೆ ಬೆಲೆ ಕೊಡಬೇಕು. ಎಂಟು ವರ್ಷದ ಹುಡುಗಿಗೂ ಇದು ಅನ್ವಯಿಸುತ್ತದೆ.

ಮಕ್ಕಳ ನೋವನ್ನು ನಂಬದೇ ಇರುವುದು ನಿಮ್ಮ ಮನೆಯಲ್ಲಿ ಶುರುವಾದದ್ದಲ್ಲ. ದೊಡ್ಡ ದೊಡ್ಡ ಡಾಕ್ಟರುಗಳೇ ನಂಬುತ್ತಿರಲಿಲ್ಲ. 1980ರ ದಶಕದವರೆಗೂ ಇಂಗ್ಲೆಂಡ್, ಅಮೆರಿಕದ ಒಳ್ಳೊಳ್ಳೆ ಆಸ್ಪತ್ರೆಗಳಲ್ಲೇ ಎಷ್ಟೋ ನವಜಾತ ಶಿಶುಗಳಿಗೆ ಸರಿಯಾದ ಅರಿವಳಿಕೆ ಇಲ್ಲದೆ ಆಪರೇಷನ್ ಮಾಡುತ್ತಿದ್ದರು. ಮಗು ಅಲುಗಾಡದ ಹಾಗೆ ಮದ್ದು ಕೊಡುತ್ತಿದ್ದರು, ನೋವಿಗೆ ಮಾತ್ರ ಸಾಕಷ್ಟು ಕೊಡುತ್ತಿರಲಿಲ್ಲ. ಅಷ್ಟು ಚಿಕ್ಕ ಮಗುವಿನ ನರಗಳು ಇನ್ನೂ ಬಲಿತಿರುವುದಿಲ್ಲ, ಅದಕ್ಕೆ ಗೊತ್ತಾಗುವುದಿಲ್ಲ ಅನ್ನುವ ನಂಬಿಕೆ. ಇದನ್ನು ಅಲ್ಲಾಡಿಸಿದ್ದು ನಮ್ಮ ಇಂದೋರಿನಲ್ಲಿ ಮೆಡಿಕಲ್ ಓದಿ ಆಕ್ಸ್‌ಫರ್ಡ್‌ಗೆ ಹೋದ ಕನ್ವಲ್‌ಜೀತ್ ಆನಂದ್. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಆಪರೇಷನ್ ವೇಳೆ ನೋವು ತಡೆಯುವ ಫೆಂಟನಿಲ್ ಮದ್ದನ್ನೂ ಕೊಟ್ಟರೆ, ಮೈಯಲ್ಲಿ ಏರುವ ಒತ್ತಡದ ಹಾರ್ಮೋನುಗಳು ಬಹಳ ಕಡಿಮೆಯಾಗುತ್ತವೆ, ಆಮೇಲೆ ತೊಂದರೆಗಳೂ ಕಡಿಮೆಯಾಗುತ್ತವೆ ಎಂದು 1987ರಲ್ಲಿ ತೋರಿಸಿದರು. ಇದನ್ನು ಓದುವಾಗಲೆಲ್ಲ ನನಗೆ ಕರುಳು ಕಿವುಚಿದಂತಾಗುತ್ತದೆ.

ನಿಮ್ಮ ಮಗಳಿಗೆ ಆಗುತ್ತಿರುವುದು ಅಪರೂಪದ್ದೇನೂ ಅಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಎಂಬ ಮಕ್ಕಳ ಡಾಕ್ಟರು ಸಾವಿರ ಶಾಲಾ ಮಕ್ಕಳನ್ನು ನೋಡಿ 1958ರಲ್ಲಿ ಬರೆದರು: ಹತ್ತರಲ್ಲಿ ಒಂದು ಮಗುವಿಗೆ ಹೀಗೆ ಮರುಕಳಿಸುವ ಹೊಟ್ಟೆನೋವು ಇತ್ತು. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಹೊಟ್ಟೆಯೊಳಗೆ ಯಾವ ರೋಗವೂ ಸಿಗುವುದಿಲ್ಲ. ಕರುಳಿಗೆ ತನ್ನದೇ ನರಗಳ ಜಾಲ ಇದೆ, ಅದು ಮಿದುಳಿನ ಜೊತೆ ಸದಾ ಮಾತಾಡುತ್ತಿರುತ್ತದೆ. ಭಯ ಆದರೆ ಕರುಳು ಹಿಂಡುತ್ತದೆ. ಆ ನರಗಳು ಸೂಕ್ಷ್ಮವಾಗಿದ್ದರೆ, ಬೇರೆ ಮಕ್ಕಳಿಗೆ ಗೊತ್ತೇ ಆಗದಷ್ಟು ಗಾಳಿ, ಹಿಗ್ಗುವಿಕೆ ಕೂಡ ಇವಳಿಗೆ ನೋವಾಗಿ ತಿಳಿಯುತ್ತದೆ. ನಿಜವಾದ ನೋವು.

ಈಗ ನಿಮ್ಮ ಪ್ರಶ್ನೆ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು, ಯಾಕೆಂದರೆ ಉತ್ತರ ತಾಯಂದಿರಿಗೆ ಬೇಸರ ತರುವಂಥದ್ದು.

ಅಮೆರಿಕದಲ್ಲಿ ಮನಃಶಾಸ್ತ್ರಜ್ಞೆ ಲಿನ್ ವಾಕರ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿ 2006ರಲ್ಲಿ ಪ್ರಕಟಿಸಿದರು. ಕೆಲವು ಮಕ್ಕಳಿಗೆ ನಿಮ್ಮ ಮಗಳ ಥರದ ಹೊಟ್ಟೆನೋವು ಇತ್ತು, ಕೆಲವರು ಆರೋಗ್ಯವಾಗಿದ್ದರು. ಎಲ್ಲರಿಗೂ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿದರು. ಆಮೇಲೆ ಅಪ್ಪ ಅಥವಾ ಅಮ್ಮ ಪಕ್ಕದಲ್ಲಿ ಕೂತರು. ಒಂದು ಗುಂಪಿನವರಿಗೆ ಮಗುವಿನ ಸಂಕಟದ ಬಗ್ಗೆ ಕೇಳುತ್ತಾ, ಮರುಗುತ್ತಾ ಇರಿ ಎಂದು ಹೇಳಿಕೊಟ್ಟಿದ್ದರು. ಇನ್ನೊಂದು ಗುಂಪಿನವರಿಗೆ ಮಾತು ಬೇರೆ ಕಡೆ ತಿರುಗಿಸಿ ಎಂದಿದ್ದರು. ಮೂರನೆಯವರಿಗೆ ಏನೂ ಹೇಳಿರಲಿಲ್ಲ. ಈ ಮೂರನೆಯವರಿಗೆ ಹೋಲಿಸಿದರೆ, ಮರುಗಿದವರ ಮಕ್ಕಳು ಹತ್ತಿರ ಹತ್ತಿರ ಎರಡರಷ್ಟು ಸಲ ಸಂಕಟ ಹೇಳಿಕೊಂಡರು. ಮಾತು ತಿರುಗಿಸಿದವರ ಮಕ್ಕಳು ಸುಮಾರು ಅರ್ಧದಷ್ಟೇ. ನೋವಿರುವ ಮಕ್ಕಳಲ್ಲಿ ಈ ಮರುಕದ ಪರಿಣಾಮ ಹುಡುಗಿಯರ ಮೇಲೆ ಇನ್ನೂ ಜೋರಾಗಿತ್ತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಇದರ ಮುಂದಿನ ಭಾಗ. ಅಮ್ಮ ಬೇರೆ ಮಾತಾಡಿದ್ದರಿಂದ ಹಾಯೆನಿಸಿತು ಎಂದು ಮಕ್ಕಳೇ ಹೇಳಿದರು. ನೋವಿನ ಮಕ್ಕಳ ತಂದೆತಾಯಿಗಳು ಮಾತ್ರ, ಮರುಗುವುದಕ್ಕಿಂತ ಹಾಗೆ ಮಾತು ತಿರುಗಿಸುವುದರಿಂದಲೇ ಮಗುವಿಗೆ ಕೆಟ್ಟದಾಗಬಹುದು ಅಂದುಕೊಂಡಿದ್ದರು. ಮಗು ಹಾಯಾಗಿದ್ದ ಹೊತ್ತಿನಲ್ಲಿ ಹೆತ್ತವರ ಮನಸ್ಸು ಅಪರಾಧಿಭಾವದಲ್ಲಿ ಬೇಯುತ್ತಿತ್ತೇನೋ. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದೂ ಅದೇ ಮನಸ್ಸು.

ಹಾಗಾದರೆ ಯಜಮಾನರು ಹೇಳಿದ್ದೇ ಸರಿಯಾಯ್ತಲ್ಲ ಅನ್ನಬೇಡಿ. ನಂಬುವುದು ಬೇರೆ, ನೋವಿನ ಸುತ್ತಲೇ ಸುತ್ತುವುದು ಬೇರೆ. ಅವರು ನಂಬಲೂ ಇಲ್ಲ, ಸುತ್ತಲೂ ಇಲ್ಲ. ನೀವು ಎರಡನ್ನೂ ಮಾಡಿದಿರಿ. ಮಗಳಿಗೆ ಬೇಕಾಗಿರುವುದು ನಿಮ್ಮ ನಂಬಿಕೆ ಮತ್ತು ಅದರ ಬೆನ್ನಿಗೇ ಬೇರೆ ಕಡೆಗೊಂದು ದಾರಿ. ಕೆಡಿಸಿದ್ದೀರಾ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. ಮುದ್ದಿನಿಂದ ಯಾವ ಮಗುವೂ ಕೆಟ್ಟಿಲ್ಲ. "ಈಗ ಹೇಗಿದೆ? ಕಡಿಮೆ ಆಯ್ತಾ? ಎಲ್ಲಿ ನೋಯ್ತಿದೆ ತೋರಿಸು" ಅಂತ ಪದೇ ಪದೇ ಕೇಳಿದರೆ ಮಗು ಪ್ರತಿ ಸಲವೂ ಒಳಗೆ ಹೋಗಿ ನೋವನ್ನು ಹುಡುಕಿ ನೋಡಬೇಕಾಗುತ್ತದೆ. ಹುಡುಕಿದರೆ ಸಿಗುತ್ತದೆ.

ನಾಳೆ ಬೆಳಿಗ್ಗೆ ಹೀಗೆ ಮಾಡಿ ನೋಡಿ. "ನೋಯ್ತಿದೆಯಾ ಪುಟ್ಟಿ, ಗೊತ್ತಾಯ್ತು. ಡಾಕ್ಟರು ನೋಡಿದ್ದಾರೆ, ಭಯ ಪಡೋ ನೋವಲ್ಲ, ಹೋಗುತ್ತೆ" ಅಂತ ಒಂದೇ ಸಲ ಹೇಳಿ. ಹೊಟ್ಟೆ ನೀವಿ, ಅದು ಬೇಡ ಅಂತ ನಾನು ಹೇಳುವುದಿಲ್ಲ. ನೀವಿದಾಗ ಸ್ಪರ್ಶದ ಸಂದೇಶ ಬೆನ್ನುಹುರಿಯಲ್ಲೇ ನೋವಿನ ಸಂದೇಶವನ್ನು ಸ್ವಲ್ಪ ತಡೆಯುತ್ತದೆ ಎಂದು ನೋವಿನ ಬಗ್ಗೆ ಸಂಶೋಧನೆ ಮಾಡಿದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ವಿವರಿಸಿದ್ದಾರೆ. ನೀವುವಾಗ ಹೊಟ್ಟೆಯ ಮಾತು ಮಾತ್ರ ಬೇಡ. ಮಧ್ಯಾಹ್ನದ ಡಬ್ಬಿಗೆ ಚಿತ್ರಾನ್ನವೋ ಚಪಾತಿಯೋ ಕೇಳಿ. ಜಡೆಗೆ ಯಾವ ರಿಬ್ಬನ್ ಅಂತ ಕೇಳಿ. ನೋವಿದ್ದರೂ ಶಾಲೆಗೆ ಹೋಗಲಿ. ಅಲ್ಲಿ ಜೋರಾದರೆ ಹತ್ತು ನಿಮಿಷ ಮಲಗಿ ಮತ್ತೆ ಕ್ಲಾಸಿಗೆ ಹೋಗುವ ಏರ್ಪಾಡನ್ನು ಟೀಚರ್ ಜೊತೆ ಮಾತಾಡಿಟ್ಟುಕೊಳ್ಳಿ. ಮನೆಯಲ್ಲೇ ಉಳಿದ ದಿನ ಟಿವಿ, ಮೊಬೈಲ್, ವಿಶೇಷ ತಿಂಡಿ ಬೇಡ. ಇದು ಶಿಕ್ಷೆ ಅಲ್ಲ. ಹುಷಾರಿಲ್ಲದವರು ಮಲಗಬೇಕು, ಅಷ್ಟೇ.

ಅತ್ತೆ ದೃಷ್ಟಿ ತೆಗೆದರೆ ತೆಗೆಯಲಿ. ಅದಕ್ಕೆ ಜಗಳ ಬೇಡ. ಆದರೆ ಮಗಳ ಎದುರಿಗೇ ನೆಂಟರಿಗೆಲ್ಲ "ಇವಳಿಗೆ ದಿನಾ ಹೊಟ್ಟೆನೋವು" ಅಂತ ಹೇಳುವುದನ್ನು ನಿಲ್ಲಿಸಲು ಕೇಳಿಕೊಳ್ಳಿ.

ಇನ್ನೊಂದು ವಿಷಯ. ಶಾಲೆಯ ಟಾಯ್ಲೆಟ್ ಹೇಗಿದೆ ಅಂತ ಮಗಳನ್ನು ಕೇಳಿದ್ದೀರಾ? ಚಿಲಕ ಇಲ್ಲ, ನೀರಿಲ್ಲ, ಗಲೀಜು ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ತಡೆದುಕೊಂಡು ಕೂರುವ ಹುಡುಗಿಯರು ನಮ್ಮಲ್ಲಿ ಎಷ್ಟಿಲ್ಲ? ನೀರು ಕುಡಿದರೆ ಹೋಗಬೇಕಾಗುತ್ತದೆ ಅಂತ ನೀರೇ ಕುಡಿಯುವುದಿಲ್ಲ. ಬಾಟಲಿ ತುಂಬಿದ ಹಾಗೇ ಮನೆಗೆ ಬರುತ್ತದೆ. ಆಮೇಲೆ ಮಲಬದ್ಧತೆ. ಮಕ್ಕಳ ಹೊಟ್ಟೆನೋವಿಗೆ ಅದು ಬಹಳ ಸಾಮಾನ್ಯವಾದ ಕಾರಣ. ಶಾಲೆಯಲ್ಲಿ ಯಾರಾದರೂ ಕಾಡಿಸುತ್ತಾರಾ, ಯಾವ ಪೀರಿಯಡ್ ಕಂಡರೆ ಭಯ ಅನ್ನುವುದನ್ನೂ ಕೇಳಿ. ನೋವಿನ ಹೊತ್ತಿನಲ್ಲಿ ಬೇಡ, ಸಂಜೆ ತಲೆ ಬಾಚುವಾಗ ಕೇಳಿ.

ತೂಕ ಇಳಿಯುವುದು, ಎತ್ತರ ನಿಲ್ಲುವುದು, ಜ್ವರ, ಮಲದಲ್ಲಿ ರಕ್ತ, ಹಸಿರು ವಾಂತಿ, ನಿದ್ದೆಯಿಂದ ಎಬ್ಬಿಸುವ ನೋವು, ಹೊಕ್ಕುಳಿಂದ ದೂರ ಒಂದೇ ಪಕ್ಕದಲ್ಲಿ, ಅದರಲ್ಲೂ ಬಲಗಡೆ ಕೆಳಗೆ ನಿಲ್ಲುವ ನೋವು: ಇವುಗಳಲ್ಲಿ ಯಾವುದೇ ಇದ್ದರೂ ಮಾತು ತಿರುಗಿಸುತ್ತಾ ಕೂರಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಇನ್ನು ಚಿಕ್ಕವನ ಇಂಜೆಕ್ಷನ್. ಹೇಳಿ. ಒಂದು ವಾರ ಮೊದಲೇ ಬೇಡ, ಹೊರಡುವ ದಿನ ಸಾಕು. "ನೋವೇ ಆಗಲ್ಲ" ಅನ್ನಬೇಡಿ. ಅದು ಸುಳ್ಳು ಅಂತ ಸೂಜಿ ಚುಚ್ಚಿದ ತಕ್ಷಣ ಅವನಿಗೆ ಗೊತ್ತಾಗುತ್ತದೆ, ಮುಂದಿನ ಸಲ ನಿಮ್ಮ ಮಾತು ನಡೆಯುವುದಿಲ್ಲ. "ಸ್ವಲ್ಪ ಚುಚ್ಚುತ್ತೆ, ನಾನು ಹಿಡ್ಕೊಂಡಿರ್ತೀನಿ" ಅನ್ನಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯೂ ಇದೇ ದಾರಿಯದು: ಸುಳ್ಳು ಭರವಸೆ ಬೇಡ, ಚಿಕ್ಕ ಮಕ್ಕಳನ್ನು ಮನೆಯವರು ಹಿಡಿದುಕೊಂಡಿರಲಿ. ಮಲಗಿಸಿ ಅದುಮುವ ಬದಲು ತೊಡೆ ಮೇಲೆ ಕೂರಿಸಿಕೊಳ್ಳಿ. ಸೂಜಿ ಹತ್ತಿರ ಬಂದಾಗ "ಹೆದರಬೇಡ, ಹೆದರಬೇಡ" ಅನ್ನಬೇಡಿ. ಹಾಗಂದಾಗ ಅಮ್ಮನಿಗೇ ಭಯ ಆಗಿದೆ ಅಂತ ಮಕ್ಕಳು ಅರ್ಥ ಮಾಡಿಕೊಳ್ಳುತ್ತಾರೆ ಎಂದು ಕೆನಡಾದಲ್ಲಿ ಮೇಗನ್ ಮೆಕ್‌ಮರ್ಟ್ರಿ, ಕ್ರಿಸ್ಟೀನ್ ಚೇಂಬರ್ಸ್ ಅವರ ಅಧ್ಯಯನದಲ್ಲಿ ಕಂಡುಬಂದಿದೆ. ಸೋಪಿನ ಗುಳ್ಳೆ ಊದಿಸಿ, ಮೊಬೈಲಿನಲ್ಲಿ ಅವನಿಗಿಷ್ಟದ ವಿಡಿಯೋ ಹಾಕಿ. ಅತ್ತರೆ ಅಳಲಿ. "ಗಂಡುಹುಡುಗ ಅಳ್ತಾನಾ" ಅಂತ ಯಾರೂ ಹೇಳದ ಹಾಗೆ ನೋಡಿಕೊಳ್ಳಿ, ಯಜಮಾನರೂ ಸೇರಿ. "ಹಟ ಮಾಡಿದ್ರೆ ಡಾಕ್ಟರ್ ಹತ್ರ ಚುಚ್ಚಿಸ್ತೀನಿ" ಅನ್ನುವ ಬೆದರಿಕೆ ನಿಮ್ಮ ಮನೆಯಲ್ಲಿ ಇದ್ದರೆ ಇವತ್ತೇ ಬಿಡಿ.

ಮನೆಗೆ ಬಂದ ಮೇಲಿನ ಮಾತಿಗೂ ಬೆಲೆ ಇದೆ. ಮಕ್ಕಳು ನೋವನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೋ ಮುಂದಿನ ಸಲದ ಭಯ, ನೋವು ಅದರ ಮೇಲೆ ನಿಂತಿರುತ್ತದೆ. ಕೆನಡಾದ ಕ್ಯಾಲ್ಗರಿಯ ಮನಃಶಾಸ್ತ್ರಜ್ಞೆ ಮೆಲನಿ ನೋಯಲ್ ವರ್ಷಗಳಿಂದ ಇದನ್ನೇ ಅಧ್ಯಯನ ಮಾಡುತ್ತಿದ್ದಾರೆ. ಹಾಗಾಗಿ ರಾತ್ರಿ ಅಜ್ಜಿಗೆ ಫೋನ್ ಮಾಡಿ "ಏನು ಕಿರುಚಾಡಿದ ಅಂತೀರಾ" ಅಂತ ಅವನ ಎದುರು ಹೇಳಬೇಡಿ. ಚುಚ್ಚಿದಾಗ ನೋವಾಯ್ತು ಅನ್ನುವುದನ್ನು ಮುಚ್ಚಿಡಬೇಕಿಲ್ಲ. ಅವನು ಎಷ್ಟು ದೊಡ್ಡ ಗುಳ್ಳೆ ಊದಿದ, ಕೈ ಹೇಗೆ ಸಡಿಲ ಬಿಟ್ಟ ಅನ್ನುವುದನ್ನು ಫೋನ್ ಅವನ ಕೈಗೇ ಕೊಟ್ಟು ಹೇಳಿಸಿ.